ಸಾಂಚೊ ‘ಹೂಂ’ ಅಂದಾಗಲೆಲ್ಲ

ನನ್ನ ಹತ್ತಿರ ಇನ್ನೂರು ಪುಟದ ಒಂದು ನೋಟ್‌ಬುಕ್ ಇದೆ. ಮೇಲೆ ದಪ್ಪ ಅಕ್ಷರದಲ್ಲಿ ‘ಹೂಂ’ ಅಂತ ಬರೆದಿದ್ದೇನೆ. ಒಳಗಿರುವುದು ಒಂದೇ ಲೆಕ್ಕ. ಡಾನ್ ಕ್ವಿಕ್ಸೋಟ್ ಕಾದಂಬರಿಯಲ್ಲಿ ಯಾರು, ಎಲ್ಲಿ, ಯಾವ ಮಾತಿನಲ್ಲಿ ‘ಆಗಲಿ’ ಅಂದರು, ಆಮೇಲೆ ಏನಾಯಿತು ಅನ್ನುವ ಲೆಕ್ಕ.

ಇದು ಕೆಲಸದಿಂದ ಅಂಟಿಕೊಂಡ ಅಭ್ಯಾಸ. ನಾನು ಬೆಂಗಳೂರಿನಲ್ಲಿ ಕೂತು ಮೆಕ್ಸಿಕೊ ಮತ್ತು ಕೊಲಂಬಿಯಾದ ಗ್ರಾಹಕರ ಫೋನಿಗೆ ಸ್ಪ್ಯಾನಿಷ್‌ನಲ್ಲಿ ಉತ್ತರ ಕೊಡುತ್ತೇನೆ. ಹನ್ನೊಂದು ವರ್ಷ ಆಯಿತು. ಟ್ರೇನಿಂಗ್‌ನ ಮೊದಲ ದಿನವೇ ಕಲಿಸಿದ್ದು ‘ಕೊನ್ ಮುಚೊ ಗುಸ್ತೊ’ ಅನ್ನುವ ಮಾತು. ತುಂಬಾ ಖುಷಿಯಿಂದ ಅಂತ ಅರ್ಥ. ಗ್ರಾಹಕರು ಏನೇ ಕೇಳಲಿ, ಮೊದಲು ಈ ಮಾತು, ಆಮೇಲೆ ಉತ್ತರ. ಬೆಳಗಿನ ಜಾವ ಮೂರು ಗಂಟೆಗೆ ಕಣ್ಣು ಎಳೆಯುತ್ತಿದ್ದರೂ ಕೊನ್ ಮುಚೊ ಗುಸ್ತೊ. ಮನೆಯಲ್ಲಿ ಮಗುವಿಗೆ ಜ್ವರ ಇದ್ದ ದಿನವೂ ಕೊನ್ ಮುಚೊ ಗುಸ್ತೊ. ಹಾಗಾಗಿ ಮೂರು ವರ್ಷದ ಹಿಂದೆ ಈ ಪುಸ್ತಕವನ್ನು ಮೂಲದಲ್ಲೇ ಓದೋಣ ಅಂತ ಕೂತಾಗ ನನ್ನ ಕಿವಿ ಹೋಗಿದ್ದು ಜನ ಒಪ್ಪಿಕೊಳ್ಳುವ ಮಾತುಗಳ ಕಡೆಗೆ. ಗಾಳಿಗಿರಣಿ, ಈಟಿ, ಬಡಕಲು ಕುದುರೆ ಎಲ್ಲ ಆಮೇಲೆ.

ವೀರರ ಕಥೆ ಓದಿ ಓದಿ ತಲೆ ಕೆಟ್ಟು, ತಾನೂ ಅಂಥ ವೀರ ಅಂತ ಕುದುರೆ ಏರಿ ಹೊರಟವನ ಕಥೆ ಇದು. ನಾವು ಡಾನ್ ಕ್ವಿಕ್ಸೋಟ್ ಅಂತ ಕೇಳಿ ಬೆಳೆದವರು. ಸ್ಪೇನಿನವರು ದೋನ್ ಕಿಹೋತೆ ಅನ್ನುತ್ತಾರೆ. ಇಲ್ಲಿ ಅವನನ್ನು ಕಿಹೋತೆ ಅಂತಲೇ ಕರೆಯುತ್ತೇನೆ, ನನಗೆ ಈಗ ಹಾಗೇ ಬಾಯಿಗೆ ಬರುತ್ತದೆ. ಇದನ್ನು ಬರೆದ ಸೆರ್ವಾಂಟೆಸ್ ಮೊದಲ ಭಾಗವನ್ನು 1605ರಲ್ಲಿ ಪ್ರಕಟಿಸಿದ, 52 ಅಧ್ಯಾಯ. ಎರಡನೆಯದು 1615ರಲ್ಲಿ, 74 ಅಧ್ಯಾಯ. ಮರುವರ್ಷವೇ ತೀರಿಕೊಂಡ.

ಈ ಪುಸ್ತಕದಲ್ಲಿ ಮತ್ತೆ ಮತ್ತೆ ಸಿಗುವ ಮಾತು ‘ದೆ ಬ್ವೆನಾ ಗಾನಾ’. ಗಾನಾ ಅಂದರೆ ಮನಸ್ಸು, ಆಸೆ. ಊಟ ಮಾಡುವ ಗಾನಾ ಅಂತಲೂ ಹೇಳುತ್ತಾರೆ, ಹಸಿವಿಗೆ ಹತ್ತಿರ. ದೆ ಬ್ವೆನಾ ಗಾನಾ ಅಂದರೆ ಒಳ್ಳೆ ಮನಸ್ಸಿನಿಂದ. ಅದರ ವಿರುದ್ಧ ದೆ ಮಾಲಾ ಗಾನಾ, ಕೆಟ್ಟ ಮನಸ್ಸಿನಿಂದ. ನಾವು ಒಲ್ಲದ ಮನಸ್ಸಿನಿಂದ ಅನ್ನುತ್ತೇವಲ್ಲ, ಅದೇ. ‘ಮನಸ್ಸಿಲ್ಲ’ ಅನ್ನುವುದಕ್ಕೆ ಅವರು ‘ನನಗೆ ಗಾನಾ ಇಲ್ಲ’ ಅನ್ನುತ್ತಾರೆ. ಇದನ್ನು ಯಾರೂ ನನಗೆ ವಿವರಿಸಬೇಕಾಗಲಿಲ್ಲ.

ಇನ್ನೊಂದು ಮಾತು ‘ಕೆ ಮೆ ಪ್ಲಾಸೆ’. ಇವತ್ತಿನ ಫೋನ್ ಕರೆಗಳಲ್ಲಿ ಇದು ನನ್ನ ಕಿವಿಗೆ ಬಿದ್ದಿಲ್ಲ, ಹಳೆಯ ಮಾತು. ಮೊದಲ ಸಲ ಓದಿದಾಗ ಪುಟದ ಮೇಲೆ ಬೆರಳಿಟ್ಟು ಹಾಗೇ ಕೂತೆ. ಯಾಕೆಂದರೆ ಅದರೊಳಗೆ ‘ನಾನು’ ಇಲ್ಲ. ‘ನನಗೆ’ ಇದೆ. ನನಗೆ ಇಷ್ಟ, ನನಗೆ ಹಿತ, ಅಂತ. ನಾವೂ ಹಾಗೇ ಅಲ್ವಾ? ನನಗೆ ಇಷ್ಟ, ನನಗೆ ಒಪ್ಪಿಗೆ, ನನಗೆ ಬೇಕು, ನನಗೆ ಬೇಡ. ಇಷ್ಟ ಅನ್ನುವುದು ನಾವು ಮಾಡುವ ಕೆಲಸ ಅಲ್ಲ, ಅದು ನಮಗೆ ಬರಬೇಕು. ಬಂದರೆ ಬಂತು. ಇಂಗ್ಲಿಷ್ ಅನುವಾದದಲ್ಲಿ ಓದಿದಾಗ ಇದು ನನಗೆ ತಟ್ಟಿರಲೇ ಇಲ್ಲ.

ಆ ಮಾತು ಬರುವ ಜಾಗವೂ ಎಂಥದ್ದು ನೋಡಿ. ಮೊದಲ ಭಾಗದ ಆರನೆಯ ಅಧ್ಯಾಯ. ಕಿಹೋತೆಗೆ ಹುಚ್ಚು ಹಿಡಿಸಿದ್ದು ವೀರರ ಕಥೆಗಳು ಅಂತ ಊರಿನ ಪಾದ್ರಿ ಮತ್ತು ಕ್ಷೌರಿಕ ಅವನ ಪುಸ್ತಕದ ಕೋಣೆಗೆ ನುಗ್ಗುತ್ತಾರೆ. ಅವನು ಒಳಗೆ ಮಲಗಿದ್ದಾನೆ. ಪಾದ್ರಿ ಒಂದೊಂದೇ ಪುಸ್ತಕ ನೋಡಿ, ಇದನ್ನು ಹಿತ್ತಲಿಗೆ ಎಸಿ, ಸುಡೋಣ ಅನ್ನುತ್ತಾನೆ. ಮನೆ ನೋಡಿಕೊಳ್ಳುವ ಹೆಂಗಸು ‘ಕೆ ಮೆ ಪ್ಲಾಸೆ, ಸ್ವಾಮಿ’ ಅನ್ನುತ್ತಾ ಕಿಟಕಿಯಿಂದ ಎಸೆಯುತ್ತಾಳೆ. ಬಹಳ ಸಂತೋಷದಿಂದ ಎಸೆದಳು ಅಂತ ಸೆರ್ವಾಂಟೆಸ್ ಬರೆಯುತ್ತಾನೆ. ಅದೇ ಅಧ್ಯಾಯದ ಕೊನೆಗೆ ಒಂದು ಪುಸ್ತಕ ಸಿಗುತ್ತದೆ, ‘ಲಾ ಗಲಾತೆಯಾ’. ಅದು ಸೆರ್ವಾಂಟೆಸ್‌ನದೇ, 1585ರ ಕೃತಿ. ಇದನ್ನು ಸುಡುವುದು ಬೇಡ, ನಿಮ್ಮ ಮನೆಯಲ್ಲಿ ಕೂಡಿಟ್ಟುಕೊಳ್ಳಿ ಅಂತ ಪಾದ್ರಿ ಹೇಳುತ್ತಾನೆ. ಕ್ಷೌರಿಕ ಏನನ್ನುತ್ತಾನೆ? ಕೆ ಮೆ ಪ್ಲಾಸೆ. ಸುಡುವುದಕ್ಕೂ ಅದೇ ಮಾತು, ಉಳಿಸುವುದಕ್ಕೂ ಅದೇ ಮಾತು. ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಇವೆರಡನ್ನೂ ಅಕ್ಕಪಕ್ಕ ಬರೆದುಕೊಂಡಿದ್ದೇನೆ.

ಮುಂದಿನ ಅಧ್ಯಾಯದಲ್ಲಿ ಸಾಂಚೊ ಬರುತ್ತಾನೆ. ಪಕ್ಕದ ಮನೆಯ ರೈತ. ಬಡವ. ಕಿಹೋತೆ ಅವನನ್ನು ಜೊತೆಗಾರನಾಗಿ ಕರೆಯುವಾಗ ಹೇಳುವುದೇ, ‘ದೆ ಬ್ವೆನಾ ಗಾನಾ’ ಬಾ ಅಂತ. ಒಳ್ಳೆ ಮನಸ್ಸಿನಿಂದ ಬಾ, ಯಾವತ್ತಾದರೂ ಒಂದು ದಿನ ಕಣ್ಣು ಮುಚ್ಚಿ ತೆಗೆಯುವುದರಲ್ಲಿ ಒಂದು ದ್ವೀಪ ಗೆದ್ದು ನಿನ್ನನ್ನು ಅದಕ್ಕೆ ಗವರ್ನರ್ ಮಾಡಬಹುದು ಅಂತ. ಆ ವಾಕ್ಯದಲ್ಲಿ ‘ಗಾನಾ’ ಪಕ್ಕದಲ್ಲೇ ‘ಗಾನಾಸೆ’ ಅನ್ನುವ ಪದ ಇದೆ. ಅದಕ್ಕೆ ಗೆಲ್ಲುವುದು, ಗಳಿಸುವುದು ಅಂತ ಅರ್ಥ. ಮನಸ್ಸು ಮತ್ತು ಗಳಿಕೆ ಒಂದೇ ಉಸಿರಿನಲ್ಲಿ. ಸಾಂಚೊ ಹೆಂಡತಿ ಮಕ್ಕಳನ್ನು ಬಿಟ್ಟು ಹೊರಟೇಬಿಟ್ಟ. ಅವನು ದ್ವೀಪದ ಆಸೆಗೆ ಹೋದನಾ, ಮನಸ್ಸಾರೆ ಹೋದನಾ? ಪುಸ್ತಕ ಮುಗಿಯುವ ತನಕ ಈ ಪ್ರಶ್ನೆ ನನ್ನ ಜೊತೆಗೇ ಬಂತು.

ಸಾಂಚೊ ಒಪ್ಪುವ ರೀತಿ ಬಹಳ ಬಗೆ. ಗಾಳಿಗಿರಣಿಗಳನ್ನು ರಾಕ್ಷಸರು ಅಂದುಕೊಂಡು ಕಾದಾಡಿದ ಪ್ರಸಂಗ ಆದಮೇಲೆ ಕಿಹೋತೆ ಒಂದು ನಿಯಮ ಹೇಳುತ್ತಾನೆ. ನಾನು ಇನ್ನೊಬ್ಬ ವೀರನ ಜೊತೆ ಹೋರಾಡುವಾಗ ಏನೇ ಆಗಲಿ ನೀನು ಕತ್ತಿ ಹಿರಿಯಬಾರದು. ಸಾಂಚೊ ಅಂಜುಬುರುಕ, ಜಗಳ ಅಂದರೆ ಆಗದು. ಹಾಗೇ ಮಾಡುತ್ತೇನೆ ಸ್ವಾಮಿ, ಈ ಅಪ್ಪಣೆಯನ್ನು ಭಾನುವಾರ ಪಾಲಿಸಿದ ಹಾಗೆ ಪಾಲಿಸುತ್ತೇನೆ ಅನ್ನುತ್ತಾನೆ. ಭಾನುವಾರ ಕೆಲಸ ಮಾಡಬಾರದು ಅನ್ನುವುದು ಕ್ರೈಸ್ತರ ಕಟ್ಟಳೆ. ದುಡಿಯುವವನಿಗೆ ಇದಕ್ಕಿಂತ ಸುಲಭವಾದ ವ್ರತ ಯಾವುದು? ಈ ‘ಹೂಂ’ ಪೂರ್ತಿ ಮನಸ್ಸಿನದು, ಅದರಲ್ಲಿ ನನಗೆ ಸಂಶಯವೇ ಇಲ್ಲ.

ಇನ್ನು ಕೆಲವು ಸಲ ‘ಆ ಲಾ ಮಾನೊ ದೆ ದಿಯೊಸ್’ ಅನ್ನುತ್ತಾನೆ. ದೇವರ ಕೈಗೆ ಅಂತ. ಬೇರೆ ದಾರಿ ಇಲ್ಲದಾಗ, ಸರಿ, ನಡೀಲಿ ಅನ್ನುವಾಗ. ಇದನ್ನು ಹೇಗೆ ಬರೆದುಕೊಳ್ಳಲಿ ಅಂತ ಯೋಚಿಸಬೇಕಾಗಲಿಲ್ಲ. ದೇವರ ಮೇಲೆ ಭಾರ ಹಾಕಿ, ಅಂತ ನಮ್ಮಜ್ಜಿ ದಿನಕ್ಕೆ ಹತ್ತು ಸಲ ಅನ್ನುತ್ತಿದ್ದರು.

ಆದರೆ ಹನ್ನೊಂದನೆಯ ಅಧ್ಯಾಯದಲ್ಲಿ ಒಂದು ಸಣ್ಣ ಸಂಗತಿ ಇದೆ. ಎರಡನೆಯ ಸಲ ಓದುವಾಗ ಕಂಡಿದ್ದು. ರಾತ್ರಿ ಆಗಿದೆ. ಮೇಕೆ ಕಾಯುವವರು ಇಬ್ಬರನ್ನೂ ಊಟಕ್ಕೆ ಕರೆಯುತ್ತಾರೆ. ‘ಬಹಳ ಒಳ್ಳೆ ಮನಸ್ಸಿನಿಂದ, ಇದ್ದುದರಲ್ಲಿ’ ಕರೆದರು ಅಂತ ಬರೆದಿದೆ. ನೆಲದ ಮೇಲೆ ಕುರಿ ಚರ್ಮ ಹಾಸುತ್ತಾರೆ. ಕಿಹೋತೆಗೆ ಕೂರಲು ಒಂದು ಬಾನಿಯನ್ನು ಬೋರಲು ಹಾಕಿ ಕೊಡುತ್ತಾರೆ. ಕಿಹೋತೆ ಸಾಂಚೊನನ್ನು ಪಕ್ಕದಲ್ಲಿ ಕೂರು ಅನ್ನುತ್ತಾನೆ. ನನ್ನ ತಟ್ಟೆಯಲ್ಲೇ ತಿನ್ನು, ನಾವಿಬ್ಬರೂ ಸಮ ಅನ್ನುತ್ತಾನೆ. ಸಾಂಚೊ ಬೇಡ ಸ್ವಾಮಿ ಅನ್ನುತ್ತಾನೆ. ನನ್ನ ಮೂಲೆಯಲ್ಲಿ ನನ್ನ ಪಾಡಿಗೆ ತಿಂದರೆ ಬ್ರೆಡ್ಡು ಈರುಳ್ಳಿಯೂ ರುಚಿ, ಅನ್ನುತ್ತಾನೆ. ಆಗ ಕಿಹೋತೆ ಅವನ ತೋಳು ಹಿಡಿದು ಬಲವಂತವಾಗಿ ಕೂರಿಸುತ್ತಾನೆ. ಮೂಲದಲ್ಲಿ ಇರುವ ಪದ ‘ಫೊರ್ಸೋ’. ಬಲ ಹಾಕಿದ ಅಂತ. ಸಮಾನತೆಯನ್ನೂ ಬಲವಂತದಿಂದ ಕೊಟ್ಟ! ಆಮೇಲೆ ಕೈಯಲ್ಲಿ ಒಂದಿಷ್ಟು ಓಕ್ ಕಾಯಿ ಹಿಡಿದು, ಯಾರೂ ಯಾರ ಮೇಲೂ ಜೋರು ಮಾಡದಿದ್ದ ಹಳೆಯ ಸ್ವರ್ಣಯುಗದ ಬಗ್ಗೆ ಉದ್ದದ ಭಾಷಣ ಮಾಡುತ್ತಾನೆ. ಪಕ್ಕದಲ್ಲಿ ಸಾಂಚೊ ಬಾಯಿ ಮುಚ್ಚಿಕೊಂಡು ಓಕ್ ಕಾಯಿ ತಿನ್ನುತ್ತಾ ಕೂತಿದ್ದಾನೆ.

ಅಲ್ಲಿಂದ ನನ್ನ ನೋಟ್‌ಬುಕ್ಕಿನಲ್ಲಿ ಎರಡನೆಯ ಕಾಲಂ ಶುರುವಾಯಿತು. ‘ಮನಸ್ಸು’ ಒಂದು ಕಡೆ, ‘ಬಲ’ ಇನ್ನೊಂದು ಕಡೆ. ವೊಲುಂತಾದ್, ಫುಎರ್ಸಾ. ಈ ಎರಡು ಪದಗಳನ್ನು ಸೆರ್ವಾಂಟೆಸ್ ಜೋಡಿ ಎತ್ತುಗಳ ಹಾಗೆ ಕಟ್ಟಿಕೊಂಡೇ ಪುಸ್ತಕದುದ್ದಕ್ಕೂ ಓಡಾಡುತ್ತಾನೆ.

ಹದಿನಾಲ್ಕನೆಯ ಅಧ್ಯಾಯದ ಮಾರ್ಸೆಲಾಳನ್ನು ನೋಡಿ. ಶ್ರೀಮಂತರ ಮನೆಯ ಹುಡುಗಿ. ಮದುವೆ ಬೇಡ ಅಂತ ಕುರಿ ಕಾಯಲು ಬೆಟ್ಟಕ್ಕೆ ಹೋಗಿದ್ದಾಳೆ. ಅವಳನ್ನು ಪ್ರೀತಿಸಿದ ಗ್ರಿಸೋಸ್ತೊಮೊ ಸತ್ತಿದ್ದಾನೆ. ಊರೆಲ್ಲ ಅವಳೇ ಕೊಂದಳು ಅನ್ನುತ್ತಿದೆ. ಅವನನ್ನು ಹೂಳುವ ಹೊತ್ತಿಗೆ ಅವಳು ಬಂಡೆಯ ತುದಿಯಲ್ಲಿ ಬಂದು ನಿಲ್ಲುತ್ತಾಳೆ. ನಿಜವಾದ ಪ್ರೀತಿ ಮನಸ್ಸಿನಿಂದ ಬರಬೇಕು, ಬಲವಂತದಿಂದ ಅಲ್ಲ ಅಂತ ಕೇಳಿದ್ದೇನೆ, ಅನ್ನುತ್ತಾಳೆ. ಹಾಗಿದ್ದಮೇಲೆ ನೀವು ನನ್ನನ್ನು ಪ್ರೀತಿಸುತ್ತೇವೆ ಅಂದ ಮಾತ್ರಕ್ಕೆ ನನ್ನ ಮನಸ್ಸನ್ನು ನಾನು ಬಲವಂತದಿಂದ ಯಾಕೆ ಒಪ್ಪಿಸಬೇಕು? ನಾನು ಸ್ವತಂತ್ರವಾಗಿ ಹುಟ್ಟಿದವಳು, ಅಂತ. ಹೇಳಿ, ಯಾರ ಉತ್ತರಕ್ಕೂ ಕಾಯದೆ ಕಾಡಿನೊಳಗೆ ಹೋಗುತ್ತಾಳೆ. ಮತ್ತೆ ಅವಳು ಪುಸ್ತಕದಲ್ಲಿ ಬರುವುದೇ ಇಲ್ಲ. ಈ ಭಾಗವನ್ನು ನನ್ನ ಮಗಳಿಗೆ ಓದಿ ಹೇಳಿದ್ದೇನೆ. ಹದಿನಾಲ್ಕು ವರ್ಷದವಳು. ಇನ್ನೊಂದು ಸಲ ಓದು ಅಂದಳು.

ಇಪ್ಪತ್ತೆರಡನೆಯ ಅಧ್ಯಾಯದಲ್ಲಿ ಎದುರಿನಿಂದ ಹನ್ನೆರಡು ಜನ ಬರುತ್ತಾರೆ. ಕುತ್ತಿಗೆಗೆ ಒಂದೇ ಸರಪಳಿ, ದಾರಕ್ಕೆ ಮಣಿ ಪೋಣಿಸಿದ ಹಾಗೆ. ರಾಜನ ಹಡಗುಗಳಲ್ಲಿ ಹುಟ್ಟು ಹಾಕುವ ಶಿಕ್ಷೆಗೆ ಹೊರಟವರು. ಇವರು ರಾಜನ ‘ಹೆಂತೆ ಫೊರ್ಸಾದಾ’ ಅಂತ ಸಾಂಚೊ ಸುಮ್ನೆ ಹೇಳುತ್ತಾನೆ. ಆ ಕೈದಿಗಳನ್ನು ಕರೆಯುತ್ತಿದ್ದದ್ದೇ ಹಾಗೆ, ಬಲವಂತದ ಜನ. ಕಿಹೋತೆಗೆ ಆ ಪದ ಚುಚ್ಚುತ್ತದೆ. ರಾಜ ಜನರ ಮೇಲೆ ಬಲವಂತ ಮಾಡುತ್ತಾನಾ? ಇವರು ಮನಸ್ಸಿಲ್ಲದೆ ಹೋಗುತ್ತಿದ್ದಾರಾ? ಹಾಗಾದರೆ ಇದು ನನ್ನ ಕೆಲಸ. ಬಿಡಿಸಿಯೇಬಿಡುತ್ತಾನೆ. ಬಿಡಿಸಿದ ಮರುಕ್ಷಣ ಏನು ಮಾಡುತ್ತಾನೆ ಗೊತ್ತಾ? ಈ ಸರಪಳಿಯನ್ನು ಹೊತ್ತುಕೊಂಡು ಎಲ್ಲರೂ ತೊಬೊಸೊ ಊರಿಗೆ ಹೋಗಿ ನನ್ನ ಮನದನ್ನೆ ದುಲ್ಸಿನೇಯಾಳ ಮುಂದೆ ನಿಲ್ಲಿ ಅಂತ ಅಪ್ಪಣೆ ಮಾಡುತ್ತಾನೆ. ಅವರಲ್ಲೊಬ್ಬ, ಹಿನೇಸ್ ಅಂತ, ನಿಮ್ಮ ಹೆಸರಲ್ಲಿ ಒಂದಿಷ್ಟು ಪ್ರಾರ್ಥನೆ ಬೇಕಾದರೆ ಹೇಳುತ್ತೇವೆ, ಅಲ್ಲಿಗೆ ಹೋಗುವುದು ಆಗದ ಮಾತು ಅನ್ನುತ್ತಾನೆ. ಕಿಹೋತೆ ಸಿಟ್ಟಾಗುತ್ತಾನೆ. ಕಲ್ಲೇಟು ಬೀಳುತ್ತದೆ.

ನಾನು ಕಿಹೋತೆಯನ್ನು ತುಂಬಾ ಪ್ರೀತಿಸುತ್ತೇನೆ. ಆದರೂ ಹೇಳಲೇಬೇಕು. ಬಲವಂತ ಕಂಡರೆ ಆಗದ ಮನುಷ್ಯನಿಗೆ ತಾನೇ ಬಲವಂತ ಮಾಡುವಾಗ ಅದು ಕಾಣುವುದಿಲ್ಲ. ಮೇಕೆ ಕಾಯುವವರ ನಡುವೆ ಸಾಂಚೊನ ತೋಳು ಹಿಡಿದಾಗಲೂ ಕಂಡಿರಲಿಲ್ಲ.

ಇದನ್ನು ಬರೆದವನಿಗೆ ಮಾತ್ರ ಚೆನ್ನಾಗಿ ಕಂಡಿತ್ತು. ಸೆರ್ವಾಂಟೆಸ್ 1571ರ ಲೆಪಾಂತೊ ಯುದ್ಧದಲ್ಲಿ ಎಡಗೈಯ ಬಲ ಕಳೆದುಕೊಂಡವನು. 1575ರಲ್ಲಿ ಊರಿಗೆ ವಾಪಸ್ಸಾಗುವಾಗ ಹಡಗನ್ನು ಕಡಲ್ಗಳ್ಳರು ಹಿಡಿದರು. ಆಲ್ಜಿಯರ್ಸ್‌ನಲ್ಲಿ ಐದು ವರ್ಷ ಸೆರೆ. ನಾಲ್ಕು ಸಲ ತಪ್ಪಿಸಿಕೊಳ್ಳಲು ನೋಡಿದ, ಆಗಲಿಲ್ಲ. 1580ರಲ್ಲಿ 500 ಎಸ್ಕುದೊ ಕೊಟ್ಟು ಬಿಡಿಸಿದರು. ಅವನು ‘ಮನಸ್ಸಿನಿಂದ’ ಅಂತ ಬರೆಯುವಾಗ ಆ ಪದದ ತೂಕ ಗೊತ್ತಿದ್ದೇ ಬರೆದ.

ಇಲ್ಲಿ ವರದ ವಿಷಯವನ್ನೂ ಹೇಳಬೇಕು. ವೀರರ ಕಥೆಗಳಲ್ಲಿ ಒಂದು ಪದ್ಧತಿ ಇತ್ತು. ಯಾರೋ ಬಂದು ಮಂಡಿಯೂರಿ, ಒಂದು ವರ ಕೊಡುತ್ತೇನೆ ಅಂತ ಮಾತು ಕೊಡುವವರೆಗೂ ಏಳುವುದಿಲ್ಲ ಅನ್ನುವುದು. ಏನು ಕೇಳುತ್ತಾರೆ ಅಂತ ಗೊತ್ತಾಗುವ ಮೊದಲೇ ವೀರ ‘ಕೊಟ್ಟೆ’ ಅನ್ನಬೇಕು. ಕಿಹೋತೆಯೇ ಮೂರನೆಯ ಅಧ್ಯಾಯದಲ್ಲಿ ಛತ್ರದ ಯಜಮಾನನ ಮುಂದೆ ಹೀಗೆ ಮಂಡಿಯೂರುತ್ತಾನೆ, ನನಗೆ ವೀರಪಟ್ಟ ಕಟ್ಟು ಅಂತ. ಇಪ್ಪತ್ತೊಂಬತ್ತನೆಯದರಲ್ಲಿ ದೊರೊತೆಯಾ ಅನ್ನುವ ಜಾಣ ಹುಡುಗಿ ರಾಜಕುಮಾರಿಯ ವೇಷದಲ್ಲಿ ಬಂದು ಅವನ ಮುಂದೆಯೇ ಮಂಡಿಯೂರುತ್ತಾಳೆ. ಕಿಹೋತೆ ಕೊಡುತ್ತಾನೆ. ಆದರೆ ಒಂದು ಷರತ್ತು ಸೇರಿಸುತ್ತಾನೆ. ನನ್ನ ರಾಜನಿಗೆ, ನನ್ನ ದೇಶಕ್ಕೆ, ನನ್ನ ಹೃದಯದ ಬೀಗದ ಕೈ ಇಟ್ಟುಕೊಂಡವಳಿಗೆ ಕೇಡಾಗದಂತಿದ್ದರೆ, ಅಂತ. ಇದನ್ನು ಓದುವಾಗ ನನಗೆ ದಶರಥ ನೆನಪಾಗಿ ಹೊಟ್ಟೆ ಹಿಂಡಿತು. ಕೈಕೇಯಿಗೆ ಮಾತು ಕೊಡುವಾಗ ಇಂಥ ಒಂದು ಸಾಲು ಸೇರಿಸಿದ್ದರೆ!

ಈಗ ನನ್ನ ಅಪ್ಪನ ಬಗ್ಗೆ ಹೇಳುತ್ತೇನೆ. ಯಾಕೆಂದರೆ ಎರಡನೆಯ ಭಾಗದ ಮೂವತ್ತೈದನೆಯ ಅಧ್ಯಾಯವನ್ನು ನಾನು ಅವರ ಕಿವಿಯಿಂದಲೇ ಕೇಳಿಸಿಕೊಂಡೆ.

ಅಪ್ಪ ಪತ್ರ ಬರಹಗಾರರಾಗಿದ್ದರು. ತಾಲ್ಲೂಕು ಊರಿನಲ್ಲಿ ನೋಂದಣಿ ಕಚೇರಿಯ ಎದುರು ಹೊಂಗೆ ಮರದ ಕೆಳಗೆ ಒಂದು ಮೇಜು, ಒಂದು ಬೆಂಚು. ಕ್ರಯಪತ್ರ, ಭೋಗ್ಯಪತ್ರ, ವಿಭಾಗಪತ್ರ, ಉಯಿಲು. ಬೇಸಿಗೆ ರಜೆಯಲ್ಲಿ ನಾನು ಬುತ್ತಿ ಕೊಡಲು ಹೋಗಿ ಅಲ್ಲೇ ಕೂರುತ್ತಿದ್ದೆ. ಪ್ರತಿ ಪತ್ರದಲ್ಲೂ ಒಂದು ಸಾಲು ಇರುತ್ತಿತ್ತು. ‘ಯಾರ ಒತ್ತಾಯಕ್ಕೂ ಒಳಗಾಗದೆ, ಸ್ಥಿರಚಿತ್ತದಿಂದ, ರಾಜಿಖುಷಿಯಿಂದ ಬರೆದುಕೊಟ್ಟ ಪತ್ರ.’ ನನಗೆ ಅದು ಬಾಯಿಪಾಠ ಆಗಿತ್ತು. ಹಕ್ಕು ಬಿಡುಗಡೆ ಪತ್ರ ಬರೆಸಲು ಅಣ್ಣಂದಿರು ತಂಗಿಯನ್ನು ಕರೆದುಕೊಂಡು ಬರುತ್ತಿದ್ದರು. ಆಗ ಅಪ್ಪ ಅಣ್ಣಂದಿರಿಗೆ, ಹೋಗಿ ಒಂದು ಕಾಫಿ ಕುಡಿದು ಬನ್ರಪ್ಪಾ, ಬರೆಯುವುದು ತಡ ಆಗುತ್ತೆ ಅನ್ನುತ್ತಿದ್ದರು. ಅವರು ಆ ಕಡೆ ಹೋದಮೇಲೆ ಪೆನ್ನು ಕೆಳಗಿಟ್ಟು ಕೇಳುತ್ತಿದ್ದರು. ನಿನಗೆ ಮನಸ್ಸಿದೆಯೇನಮ್ಮಾ? ಹೆಚ್ಚಿನವರು ‘ಹೂಂ’ ಅನ್ನುತ್ತಿದ್ದರು. ಒಬ್ಬರು ಮಾತ್ರ ಬಹಳ ಹೊತ್ತು ಸೆರಗಿನ ತುದಿ ನೋಡಿಕೊಂಡು ಕೂತಿದ್ದು, ನಾಳೆ ಬರ್ತೀನಿ ಸ್ವಾಮಿ ಅಂದು ಎದ್ದರು. ಮತ್ತೆ ಬರಲಿಲ್ಲ. ಅಪ್ಪ ಬರಹದ ದುಡ್ಡನ್ನು ಅಣ್ಣಂದಿರಿಗೆ ವಾಪಸ್ ಕೊಟ್ಟರು. ಆ ಸಂಜೆ ಅಪ್ಪ ನನಗೆ ಕಡಲೆಪುರಿ ಕೊಡಿಸಿದ್ದು ನೆನಪಿದೆ.

ಅವರಿಗೆ ಈಗ 78. ನನ್ನ ಜೊತೆ ಇದ್ದಾರೆ. ರಜೆಯ ದಿನ ಸಂಜೆ ಬಾಲ್ಕನಿಯಲ್ಲಿ ಕೂತು ನಾನು ಅವರಿಗೆ ಕಿಹೋತೆಯ ಕಥೆಯನ್ನು ಕನ್ನಡದಲ್ಲಿ ಹೇಳುತ್ತೇನೆ.

ಮೂವತ್ತೈದನೆಯ ಅಧ್ಯಾಯ ಹೀಗಿದೆ. ಕಿಹೋತೆಯ ಮನದನ್ನೆ ದುಲ್ಸಿನೇಯಾ ಮಾಟಕ್ಕೆ ಸಿಕ್ಕಿ ಹಳ್ಳಿ ಹುಡುಗಿ ಆಗಿಬಿಟ್ಟಿದ್ದಾಳೆ ಅಂತ ಕಿಹೋತೆ ನಂಬಿದ್ದಾನೆ. ಆ ಸುಳ್ಳು ಹೇಳಿದ್ದು ಸಾಂಚೊನೇ, ಹತ್ತನೆಯ ಅಧ್ಯಾಯದಲ್ಲಿ, ಕಷ್ಟದಿಂದ ಪಾರಾಗಲು. ಈಗ ಒಬ್ಬ ಡ್ಯೂಕ್ ಮತ್ತು ಅವನ ಹೆಂಡತಿ ಇವರಿಬ್ಬರನ್ನೂ ಮನೆಯಲ್ಲಿ ಇಟ್ಟುಕೊಂಡು ಮಜಾ ತೆಗೆದುಕೊಳ್ಳುತ್ತಿದ್ದಾರೆ. ರಾತ್ರಿ ಕಾಡಿನಲ್ಲಿ ದೊಡ್ಡ ನಾಟಕ. ಡ್ಯೂಕನ ಮನೆಯ ಮೇಲ್ವಿಚಾರಕನೇ ಮಂತ್ರವಾದಿ ಮರ್ಲಿನ್ ವೇಷದಲ್ಲಿ ಬಂದು ಪರಿಹಾರ ಹೇಳುತ್ತಾನೆ. ಸಾಂಚೊ ತನ್ನ ಹಿಂಭಾಗಕ್ಕೆ ತಾನೇ 3,300 ಛಡಿ ಏಟು ಹೊಡೆದುಕೊಂಡರೆ ಮಾಟ ಬಿಡುತ್ತದೆ.

ಸಾಂಚೊ ಕೂಗಾಡುತ್ತಾನೆ. ನನ್ನ ಕುಂಡಿಗೂ ಮಾಟಕ್ಕೂ ಏನು ಸಂಬಂಧ ಅನ್ನುತ್ತಾನೆ. ಕಿಹೋತೆ ಉರಿದುಬೀಳುತ್ತಾನೆ. ಮರಕ್ಕೆ ಕಟ್ಟಿ 6,600 ಹೊಡೆಯುತ್ತೇನೆ ಅನ್ನುತ್ತಾನೆ. ಆಗ ಮರ್ಲಿನ್ ತಡೆಯುತ್ತಾನೆ. ಹಾಗೆ ಆಗುವುದಿಲ್ಲ. ಏಟುಗಳು ಸಾಂಚೊನ ಸ್ವಂತ ಮನಸ್ಸಿನಿಂದ ಬೀಳಬೇಕು, ಬಲವಂತದಿಂದ ಅಲ್ಲ, ಅವನಿಗೆ ಬೇಕಾದ ಹೊತ್ತಿನಲ್ಲಿ.

ಮಾರ್ಸೆಲಾ ಹೇಳಿದ್ದ ಅದೇ ಜೋಡಿ ಪದಗಳು ಇಲ್ಲಿ ಮತ್ತೆ ಬಂದವು. ಅಪ್ಪ ಕುರ್ಚಿಯಲ್ಲಿ ನೆಟ್ಟಗಾದರು. ‘ರಾಜಿಖುಷಿಯಿಂದ’ ಅಂದರು. ಹೂಂ ಅಪ್ಪಾ, ಅದೇ ಅಂದೆ.

ಸಾಂಚೊ ಒಪ್ಪುವುದಿಲ್ಲ. ದುಲ್ಸಿನೇಯಾ ವೇಷದ ಹುಡುಗ ಬೈಯುತ್ತಾನೆ. ಏಟು ಒಪ್ಪದಿದ್ದರೆ ನಿನಗೆ ಗವರ್ನರ್ ಗಿರಿ ಇಲ್ಲ ಅಂತ ಡ್ಯೂಕ್ ಹೇಳುತ್ತಾನೆ. ಸಾಂಚೊ ಕೇಳುತ್ತಾನೆ, ಸ್ವಾಮಿ, ಯೋಚನೆ ಮಾಡಲು ಎರಡು ದಿನ ಟೈಮ್ ಕೊಡುತ್ತೀರಾ? ಸಾಧ್ಯವೇ ಇಲ್ಲ, ಇಲ್ಲೇ ಈಗಲೇ ಅಂತ ಮರ್ಲಿನ್. ಕೊನೆಗೆ ಸಾಂಚೊ ‘ಸೊಯ್ ಕೊಂತೆಂತೊ’ ಅನ್ನುತ್ತಾನೆ. ನನಗೆ ಸಮ್ಮತ. ಆ ಪದಕ್ಕೆ ಇನ್ನೊಂದು ಅರ್ಥ, ನಾನು ಸಂತೋಷವಾಗಿದ್ದೇನೆ. ಸುತ್ತ ಪಂಜು, ಗಾಡಿ, ವೇಷಗಳು, ನಗುವ ದೊಡ್ಡವರು. ನಡುವೆ ಒಬ್ಬ ರೈತ ನಿಂತು ‘ನಾನು ಸಂತೋಷವಾಗಿದ್ದೇನೆ’ ಅನ್ನುತ್ತಿದ್ದಾನೆ. ಮುಂದಿನ ಉಸಿರಿಗೇ ಆ ಲಾ ಮಾನೊ ದೆ ದಿಯೊಸ್, ನನ್ನ ಕೆಟ್ಟ ಹಣೆಬರಹಕ್ಕೆ ನಾನು ಒಪ್ಪಿದೆ, ಅನ್ನುತ್ತಾನೆ. ಜನ ಈ ಅಧ್ಯಾಯವನ್ನು ನಗುತ್ತಾ ಓದುತ್ತಾರೆ. ನನಗೆ ನಗು ಬರಲಿಲ್ಲ. ಹೊಂಗೆ ಮರದ ಕೆಳಗಿನ ಬೆಂಚು ಕಣ್ಣಿಗೆ ಕಟ್ಟಿತು.

‘ಎರಡು ದಿನ ಕೊಡಬೇಕಿತ್ತು’ ಅಂದರು ಅಪ್ಪ.

ಆಮೇಲಿನ ಕಥೆಯೆಲ್ಲ ಈ ಒಂದು ‘ಹೂಂ’ ಬೆನ್ನು ಹತ್ತಿ ಹೋಗುತ್ತದೆ. ಸಾಂಚೊ ಐದು ಏಟು ಹೊಡೆದುಕೊಳ್ಳುತ್ತಾನೆ, ಅದೂ ಕೈಯಿಂದ. ಕಿಹೋತೆ ದಿನಾ ಕೇಳುತ್ತಾನೆ. ಅರವತ್ತನೆಯ ಅಧ್ಯಾಯದಲ್ಲಿ, ಬಾರ್ಸಿಲೋನಾ ದಾರಿಯಲ್ಲಿ, ಅವನಿಗೆ ತಡೆಯಲು ಆಗುವುದಿಲ್ಲ. ರಾತ್ರಿ ಮಲಗಿದ್ದ ಸಾಂಚೊನ ಬಟ್ಟೆ ಬಿಚ್ಚಲು ಬರುತ್ತಾನೆ, ನಾನೇ ಹೊಡೆಯುತ್ತೇನೆ ಅಂತ. ಸಾಂಚೊ ಎದ್ದು ಅವನನ್ನು ಕೆಡವಿ, ಎದೆಯ ಮೇಲೆ ಬಲಮಂಡಿ ಊರಿ, ಎರಡೂ ಕೈ ಹಿಡಿದುಕೊಳ್ಳುತ್ತಾನೆ. ಅವನಿಗೆ ಅನ್ನ ಹಾಕಿದ ಯಜಮಾನ ಕೆಳಗೆ, ಆಳು ಮೇಲೆ. ನಾನು ಒಪ್ಪಿದ ಏಟು ಮನಸ್ಸಿನಿಂದ ಆಗಬೇಕು, ಬಲವಂತದಿಂದ ಅಲ್ಲ, ಈಗ ನನಗೆ ‘ಗಾನಾ’ ಇಲ್ಲ. ಮೊದಲ ದಿನ ಯಾವ ಪದ ಹೇಳಿ ಅವನನ್ನು ಕರೆದುಕೊಂಡು ಹೊರಟಿದ್ದನೋ, ಅದೇ ಪದ ಈಗ ಕಿಹೋತೆಯ ಎದೆಯ ಮೇಲೆ ಕೂತಿದೆ. ನಾನು ರಾಜನನ್ನು ಇಳಿಸುವುದೂ ಇಲ್ಲ, ಏರಿಸುವುದೂ ಇಲ್ಲ, ನನಗೆ ನಾನೇ ಸಹಾಯ ಮಾಡಿಕೊಳ್ಳುತ್ತೇನೆ, ನನಗೆ ನಾನೇ ಯಜಮಾನ, ಅನ್ನುತ್ತಾನೆ ಸಾಂಚೊ. ಇನ್ನು ನಿನ್ನ ಬಟ್ಟೆಯ ಒಂದು ನೂಲನ್ನೂ ಮುಟ್ಟುವುದಿಲ್ಲ, ಎಲ್ಲ ನಿನ್ನ ಇಷ್ಟಕ್ಕೆ ಬಿಟ್ಟಿದ್ದು ಅಂತ ಕಿಹೋತೆ ಮಾತು ಕೊಡುತ್ತಾನೆ. ಈ ಪುಟದ ಪಕ್ಕದಲ್ಲಿ ನಾನು ಏನನ್ನೂ ಬರೆದಿಲ್ಲ. ಒಂದು ಗೆರೆ ಮಾತ್ರ ಎಳೆದಿದ್ದೇನೆ.

ಬಲದಿಂದ ಆಗದ್ದು ದುಡ್ಡಿನಿಂದ ಆಗುತ್ತಾ? ಎಪ್ಪತ್ತೊಂದನೆಯ ಅಧ್ಯಾಯದಲ್ಲಿ ಅದನ್ನೂ ನೋಡುತ್ತಾರೆ. ಏಟಿಗೆ ಕಾಲು ರಿಯಾಲ್. ಸಾಂಚೊ ಬಾಯಲ್ಲೇ ಲೆಕ್ಕ ಹಾಕುತ್ತಾನೆ, 825 ರಿಯಾಲ್. ಮೊದಲ ಭಾಗದಲ್ಲಿ ಏಟು ತಿನ್ನುತ್ತಿದ್ದ ಆಂದ್ರೆಸ್ ಅನ್ನುವ ಕುರಿ ಕಾಯುವ ಹುಡುಗನ ಸಂಬಳ ತಿಂಗಳಿಗೆ 7 ರಿಯಾಲ್. ನಾನು ಭಾಗಿಸಿ ನೋಡಿದೆ. ಆ ಹುಡುಗ ಹತ್ತಿರ ಹತ್ತಿರ ಹತ್ತು ವರ್ಷ ದುಡಿಯಬೇಕು. ಕಿಹೋತೆ ದೂರ ಕೂತು ಜಪಸರದ ಮಣಿ ಎಣಿಸುತ್ತಾ ಏಟು ಲೆಕ್ಕ ಹಾಕುತ್ತಾನೆ. ಆರೋ ಎಂಟೋ ಏಟಿಗೆ ಸಾಂಚೊ ರೇಟು ಸಾಲದು ಅನ್ನುತ್ತಾನೆ. ಡಬಲ್ ಕೊಡುತ್ತೇನೆ ಅನ್ನುತ್ತಾನೆ ಕಿಹೋತೆ. ಅಲ್ಲಿಂದ ಸಾಂಚೊ ಬೆನ್ನು ಬಿಟ್ಟು ಮರಕ್ಕೆ ಹೊಡೆಯುತ್ತಾನೆ. ನಡುನಡುವೆ ಪ್ರಾಣ ಹೋಗುವ ಹಾಗೆ ನರಳುತ್ತಾನೆ.

ಕತ್ತಲೆಯಲ್ಲಿ ಕಿಹೋತೆಗೆ ಮರ ಕಾಣುವುದಿಲ್ಲ, ನರಳಾಟ ಕೇಳುತ್ತದೆ. ಎದ್ದು ಓಡಿ ಬಂದು ಹಗ್ಗ ಹಿಡಿದುಕೊಳ್ಳುತ್ತಾನೆ. ಸಾಕು ಸಾಂಚೊ. ನನ್ನ ಖುಷಿಗೋಸ್ಕರ ನೀನು ಸಾಯಬೇಡ, ಹೆಂಡತಿ ಮಕ್ಕಳನ್ನು ಸಾಕಬೇಕಾದವನು ನೀನು, ದುಲ್ಸಿನೇಯಾ ಕಾಯಲಿ. ಆಗ ಸಾಂಚೊ, ನೀವು ಹಾಗೆ ಬಯಸಿದರೆ ‘ಸೆಆ ಎನ್ ಬ್ವೆನಾ ಒರಾ’ ಅನ್ನುತ್ತಾನೆ, ಒಳ್ಳೆ ಗಳಿಗೆಯಲ್ಲಿ ಆಗಲಿ. ಬೆವರಿದ್ದೇನೆ, ನಿಮ್ಮ ಮೇಲಂಗಿ ಹೊದಿಸಿ ಅನ್ನುತ್ತಾನೆ. ಕಿಹೋತೆ ತನ್ನ ಮೇಲಂಗಿ ಬಿಚ್ಚಿ ಹೊದಿಸಿ ತಾನು ಚಳಿಯಲ್ಲಿ ಕೂರುತ್ತಾನೆ. ಸಾಂಚೊ ಸೂರ್ಯ ಹುಟ್ಟುವವರೆಗೂ ನಿದ್ದೆ ಮಾಡುತ್ತಾನೆ. ಯಾರೂ ಅಪ್ಪಣೆ ಮಾಡದೆ, ಯಾರೂ ದುಡ್ಡು ಕೊಡದೆ ನಡೆದದ್ದು ಆ ರಾತ್ರಿ ಒಂದೇ. ಮೇಲಂಗಿ ಹೊದಿಸಿದ್ದು.

ದುಲ್ಸಿನೇಯಾ ಬರಲಿಲ್ಲ. ಬಾರ್ಸಿಲೋನಾದಲ್ಲಿ ಇನ್ನೊಬ್ಬ ವೀರನ ಕೈಯಲ್ಲಿ ಸೋತಿದ್ದ ಕಿಹೋತೆ ಊರಿಗೆ ಬಂದು ಹಾಸಿಗೆ ಹಿಡಿದ. ಹುಚ್ಚು ಬಿಟ್ಟಿತು. ನನ್ನ ಬುದ್ಧಿ ಈಗ ತಿಳಿಯಾಗಿದೆ ಅಂದು ಉಯಿಲು ಬರೆಸಲು ಎಸ್ಕ್ರಿಬಾನೊನನ್ನು ಕರೆಸಿದ. ಎಸ್ಕ್ರಿಬಾನೊ ಅಂದರೆ ಪತ್ರ ಬರಹಗಾರ. ಅಪ್ಪನಿಗೆ ಈ ಪದ ಹೇಳಿದಾಗ ಮುಖ ಅರಳಿತು. ಸ್ಥಿರಚಿತ್ತದಿಂದ, ಅಂತ ತಮ್ಮಷ್ಟಕ್ಕೆ ಹೇಳಿಕೊಂಡರು. ಉಯಿಲಿನಲ್ಲಿ ಮೊದಲ ಮಾತೇ ಸಾಂಚೊನದು. ಅವನ ಹತ್ತಿರ ಇರುವ ನನ್ನ ದುಡ್ಡಿಗೆ ಯಾರೂ ಲೆಕ್ಕ ಕೇಳಬಾರದು.

ಆಗ ಸಾಂಚೊ ಅಳುತ್ತಾ ಒಂದು ಮಾತು ಹೇಳುತ್ತಾನೆ. ಅದನ್ನು ಬಾಲ್ಕನಿಯಲ್ಲಿ ಕನ್ನಡದಲ್ಲಿ ಹೇಳುವಾಗ ನನ್ನ ಗಂಟಲು ಕಟ್ಟಿತು. ಸಾಯಬೇಡಿ ಸ್ವಾಮಿ. ಸೋತೆ ಅನ್ನುವ ದುಃಖಕ್ಕೆ ಸಾಯುವುದಾದರೆ ತಪ್ಪು ನನ್ನ ಮೇಲೆ ಹಾಕಿ. ನಿಮ್ಮ ಕುದುರೆ ರೊಸಿನಾಂತೆಗೆ ಜೀನಿನ ಪಟ್ಟಿಯನ್ನು ನಾನು ಸರಿಯಾಗಿ ಬಿಗಿದಿರಲಿಲ್ಲ, ಅದಕ್ಕೇ ನೀವು ಬಿದ್ದಿದ್ದು ಅಂತ ಹೇಳಿ.

ಇದನ್ನು ಅವನಿಂದ ಯಾರೂ ಕೇಳಿರಲಿಲ್ಲ. ಈಗ ದ್ವೀಪವೂ ಇಲ್ಲ, ಕಾಲು ರಿಯಾಲ್ ಕೂಡ ಇಲ್ಲ. ಈ ಸಲ ‘ದೆ ಬ್ವೆನಾ ಗಾನಾ’ ಅನ್ನುವ ಪದವನ್ನೂ ಅವನು ಬಳಸುವುದಿಲ್ಲ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು, ‘ಆ ಬರಹಗಾರ ಅಲ್ಲೇ ಇದ್ದನಾ?’

ಇದ್ದ ಅಪ್ಪಾ, ಅಂದೆ. ಯಾವ ವೀರನೂ ಇಷ್ಟು ಶಾಂತವಾಗಿ ಹಾಸಿಗೆಯಲ್ಲಿ ಪ್ರಾಣ ಬಿಟ್ಟಿದ್ದನ್ನು ತಾನು ಯಾವ ಪುಸ್ತಕದಲ್ಲೂ ಓದಿಲ್ಲ ಅಂತ ಆಮೇಲೆ ಅವನೇ ಹೇಳುತ್ತಾನೆ.

‘ಸಾಂಚೊ ಅಂದಿದ್ದನ್ನು ಬರೆದುಕೊಂಡನಾ?’

ಇಲ್ಲ, ಅದು ಪತ್ರದಲ್ಲಿ ಬರಲ್ಲ, ಅಂದೆ.

ಅಪ್ಪ ನನ್ನ ನೋಟ್‌ಬುಕ್ ಕಡೆ ಕೈ ತೋರಿಸಿದರು. ‘ನೀನು ಬರ್ಕೋ.’